ಮೀನಿನ ತೊಟ್ಟಿಗೊಂದು ಪಿಎಚ್ ಪೆನ್ನು

— ದೊಡ್ಡಮ್ಮಾ, ನಾನು ತರಿಸಿದ ಪಿಎಚ್ ಪೆನ್ನು ಬಂತು ನೋಡಿ. ತೊಟ್ಟಿಗೆ ಅದ್ದಿದ್ರೆ 8.24 ತೋರಿಸ್ತಿದೆ. ನಿಯಾನ್ ಟೆಟ್ರಾಗಳಿಗೆ 6.5ರ ಆಸುಪಾಸು ಇರಬೇಕಂತೆ. ಅಂಗಡಿಯಿಂದ ‘ಪಿಎಚ್ ಡೌನ್’ ಅಂತ ಒಂದು ಬಾಟಲಿನೂ ತಂದಿದ್ದೀನಿ. ಎಷ್ಟು ಹನಿ ಹಾಕಲಿ?

— ಸದ್ಯಕ್ಕೆ ಒಂದು ಹನಿಯೂ ಬೇಡ. ಆ 8.24 ಸರಿ ಅಂತ ನಿನಗೆ ಹೇಗೆ ಗೊತ್ತು?

— ಪರದೆ ಮೇಲೇ ಬಂತಲ್ಲ! ಎರಡು ದಶಮಾಂಶದವರೆಗೂ ತೋರಿಸತ್ತೆ.

— ಎಷ್ಟು ದಶಮಾಂಶ ತೋರಿಸ್ತದೆ ಅನ್ನುವುದು ಬೇರೆ, ಅದರಲ್ಲಿ ನಂಬಲಿಕ್ಕೆ ಆಗುವುದೆಷ್ಟು ಅನ್ನುವುದು ಬೇರೆ ಪುಟ್ಟಿ. ಈ ಥರದ ಅಗ್ಗದ ಪೆನ್ನುಗಳು ಸ್ಥಿತಿ ಚೆನ್ನಾಗಿದ್ದಾಗಲೂ 0.1ರಷ್ಟು ಆಚೆ ಈಚೆ ಇರ್ತಾವೆ. ಹಾಗಾಗಿ ಕೊನೆಯ ಅಂಕೆಯನ್ನು ನೋಡಲೇಬೇಡ. ಇನ್ನು ಡಬ್ಬಿಯಿಂದ ತೆಗೆದು ನೇರ ತೊಟ್ಟಿಗೆ ಅದ್ದಿದ ಪೆನ್ನಿನ ಮಾತಿಗೆ ನಾನು ಬೆಲೆಯನ್ನೇ ಕೊಡುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಇದ್ದಷ್ಟು ವರ್ಷವೂ ಮಕ್ಕಳಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಅದನ್ನೇ: ಮೊದಲು ಮೀಟರನ್ನು ಪರೀಕ್ಷೆ ಮಾಡಿ, ಆಮೇಲೆ ನೀರನ್ನು. ಡಬ್ಬಿಯಲ್ಲಿ ಸಣ್ಣ ಪುಡಿಯ ಪೊಟ್ಟಣಗಳು ಇದ್ದವಾ?

— ಮೂರಿವೆ. ಒಂದರ ಮೇಲೆ 4.01, ಒಂದರ ಮೇಲೆ 6.86, ಇನ್ನೊಂದರ ಮೇಲೆ 9.18.

— ಪೆನ್ನಿಗಿಂತ ಆ ಪೊಟ್ಟಣಗಳೇ ಮುಖ್ಯ. ಒಂದೊಂದನ್ನೂ 250 ಮಿಲಿಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ, 25 ಡಿಗ್ರಿ ಉಷ್ಣತೆಯಲ್ಲಿ ಅದರ ಪಿಎಚ್ ಪೊಟ್ಟಣದ ಮೇಲೆ ಬರೆದಷ್ಟೇ ಇರ್ತದೆ. ಅದಕ್ಕೆ ಬಫರ್ ಅಂತಾರೆ. 4.01 ಥ್ಯಾಲೇಟ್ ಉಪ್ಪಿನದ್ದು, 6.86 ಫಾಸ್ಫೇಟಿನದ್ದು, 9.18 ಬೋರಾಕ್ಸಿನದ್ದು, ಅಂದರೆ ನಮ್ಮ ಬಿಳಿಗಾರ. ನಲ್ಲಿ ನೀರಿನಲ್ಲಿ ಮಾತ್ರ ಕರಗಿಸಬೇಡ, ಅದರಲ್ಲಿರುವ ಸುಣ್ಣದಂಶ ಲೆಕ್ಕ ಕೆಡಿಸ್ತದೆ. ಮೂರು ಗಾಜಿನ ಬಾಟಲಿ ತೊಳೆದು ತಾ. ಅದಕ್ಕೂ ಮೊದಲು ಪೆನ್ನಿನ ಮುಚ್ಚಳ ತೆಗೆದು ತುದಿ ತೋರಿಸು... ನೋಡು, ಪೂರ್ತಿ ಒಣಗಿದೆ. ಈ ಗಾಜಿನ ಗುಂಡು ನೆನೆಯದೆ ಕೆಲಸ ಮಾಡುವುದಿಲ್ಲ. ನೆನೆಸಲಿಕ್ಕೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವೇ ಸರಿ. ಅದು ಈಗ ಮನೆಯಲ್ಲಿ ಇಲ್ಲ, ಹಾಗಾಗಿ 4.01ರ ಬಫರಿನಲ್ಲಿ ಕೆಲವು ಗಂಟೆ ಇಡುವ.

— ಗಾಜು ನೆನೆಯೋದು ಅಂದ್ರೆ? ಗಾಜಿನೊಳಗೆ ನೀರು ಹೋಗಲ್ವಲ್ಲ.

— ಇದು ಕಿಟಕಿಯ ಗಾಜಲ್ಲ. ಹೈಡ್ರೋಜನ್ ಅಯಾನುಗಳಿಗೆ ಸ್ಪಂದಿಸಲಿಕ್ಕೆಂದೇ ಮಾಡಿದ ವಿಶೇಷ ಗಾಜು. ನೀರು ತಾಗಿದಾಗ ಇದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಒದ್ದೆ ಪದರ ಹುಟ್ಟುತ್ತದೆ. ಗುಂಡಿನ ಒಳಗೆ ಪಿಎಚ್ ಬದಲಾಗದ ದ್ರಾವಣ ತುಂಬಿರ್ತಾರೆ. ಹೊರಗಿನ ನೀರಿನಲ್ಲಿ ಹೈಡ್ರೋಜನ್ ಅಯಾನು ಎಷ್ಟಿದೆಯೋ ಅದರ ಮೇಲೆ ಗಾಜಿನ ಒಳಗೂ ಹೊರಗೂ ಸಣ್ಣದೊಂದು ವೋಲ್ಟೇಜ್ ವ್ಯತ್ಯಾಸ ಬರ್ತದೆ. 25 ಡಿಗ್ರಿಯಲ್ಲಿ ಒಂದು ಪಿಎಚ್ ಅಂಕಕ್ಕೆ ಸುಮಾರು 59 ಮಿಲಿವೋಲ್ಟ್. ಪೆನ್ನು ನಿಜವಾಗಿ ಅಳೆಯುವುದು ಆ ಮಿಲಿವೋಲ್ಟನ್ನು. 8.24 ಅನ್ನುವುದು ಅದರಿಂದ ಲೆಕ್ಕ ಹಾಕಿ ಬರೆದದ್ದು. ಲೆಕ್ಕಕ್ಕೆ ಆಧಾರವಾದ ಎರಡು ಗುರುತುಗಳನ್ನು ನಾವೇ ಕೊಡಬೇಕು, ಅದಕ್ಕೇ ಎರಡು ಬಫರ್.

— ಅಷ್ಟು ಸಣ್ಣ ವೋಲ್ಟೇಜನ್ನ ಇಷ್ಟು ಚಿಕ್ಕ ಪೆನ್ನು ಹೇಗೆ ಅಳೆಯತ್ತೆ?

— ಕಷ್ಟ ಇರುವುದು ವೋಲ್ಟೇಜ್ ಸಣ್ಣದು ಅನ್ನುವುದರಲ್ಲಲ್ಲ. ಗಾಜು ವಿದ್ಯುತ್ತನ್ನು ಹರಿಯಲಿಕ್ಕೇ ಬಿಡುವುದಿಲ್ಲ, ಅದರ ರೋಧ ನೂರಾರು ಮೆಗಾಓಮ್. ಸಾಧಾರಣ ವೋಲ್ಟ್‌ಮೀಟರ್ ಹಚ್ಚಿದರೆ ಏನೂ ಸಿಗುವುದಿಲ್ಲ. ಪಿಎಚ್ ಅನ್ನುವ ಅಳತೆಯನ್ನು ಸೊರೆನ್ಸನ್ 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೊಟ್ಟ. ಹೇಬರ್ ಮತ್ತು ಕ್ಲೆಮೆನ್ಸಿಯೆವಿಚ್ ಗಾಜಿನ ಎಲೆಕ್ಟ್ರೋಡಿನ ಬಗ್ಗೆ ಬರೆದದ್ದೂ ಅದೇ ವರ್ಷ. ಆದರೆ ಅವೆರಡೂ ಕೂಡಿ ಯಾರು ಬೇಕಾದರೂ ಬಳಸಬಹುದಾದ ಮೀಟರ್ ಆದದ್ದು ಸುಮಾರು ಕಾಲು ಶತಮಾನದ ನಂತರ. ಕ್ಯಾಲಿಫೋರ್ನಿಯಾದಲ್ಲಿ ನಿಂಬೆರಸದ ಆಮ್ಲ ಅಳೆಯಬೇಕಿತ್ತು. ರಸಕ್ಕೆ ಸಲ್ಫರ್ ಡೈಆಕ್ಸೈಡ್ ಹಾಕಿರ್ತಿದ್ದರು, ಅದು ಲಿಟ್ಮಸ್ ಕಾಗದದ ಬಣ್ಣವನ್ನೇ ತಿಂದುಹಾಕ್ತಿತ್ತು. ಗೆಳೆಯನ ಆ ತೊಂದರೆಗಾಗಿ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ವ್ಯಾಕ್ಯೂಮ್ ಟ್ಯೂಬುಗಳ ಆಂಪ್ಲಿಫೈಯರ್ ಜೋಡಿಸಿ ಮೀಟರ್ ಕಟ್ಟಿದ. ಆ ಟ್ಯೂಬುಗಳ ಕೆಲಸವನ್ನು ನಿನ್ನ ಪೆನ್ನಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಮಾಡ್ತದೆ. ಮುಂದಿರುವ ಗಾಜು ಮಾತ್ರ ಹೆಚ್ಚು ಕಡಿಮೆ ಅದೇ.

— ಹಾಗಾದ್ರೆ ಬಣ್ಣದ ಹನಿ ಕಿಟ್ಟೇ ಸುಲಭ ಅಲ್ವಾ? ಅಂಗಡಿಯವರು ಅದೇ ಸಾಕು ಅಂದಿದ್ರು.

— ಬಣ್ಣವನ್ನು ನಾನು ಕೀಳಾಗಿ ನೋಡುವುದಿಲ್ಲ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡ್ತೇವಲ್ಲ, ಅದೇ ಪಿಎಚ್ ಪರೀಕ್ಷೆ. ನೀರು ಕ್ಷಾರ ಆಯಿತು ಅಂತ ಅರಿಶಿನ ಹೇಳ್ತದೆ. ಕಿಟ್ಟಿನಲ್ಲಿ ಅರಿಶಿನದ ಬದಲು ಬ್ರೋಮೋಥೈಮಾಲ್ ಬ್ಲೂ ಇರ್ತದೆ. 6.0ಕ್ಕೆ ಹಳದಿ, 7ರ ಹತ್ತಿರ ಹಸಿರು, 7.6ಕ್ಕೆ ನೀಲಿ. ಸಮಸ್ಯೆ ಎಲ್ಲಿ ಅಂದರೆ, ಅದರಿಂದ ಮೇಲೆ ನೀರು ಎಷ್ಟಿದ್ದರೂ ನೀಲಿಯೇ. ಬೆಂಗಳೂರಿನ ಬೋರ್‌ವೆಲ್ ನೀರು 8.3 ಇದ್ದರೂ ಕಿಟ್ಟು 7.6 ಅಂತಲೇ ಹೇಳ್ತದೆ, ಮನೆಯವರು ಅದನ್ನೇ ನಂಬ್ತಾರೆ. ಹೆಚ್ಚಿನ ಪಿಎಚ್‌ಗೆ ಬೇರೆ ಬಾಟಲಿ ಬೇಕು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಬ್ಬರಿಗೆ ಹಸಿರು ಕಂಡದ್ದು ಇನ್ನೊಬ್ಬರಿಗೆ ನೀಲಿ. ಬಾದಾಮಿ ಎಲೆ ಹಾಕಿ ನೀರು ಚಹಾದ ಬಣ್ಣಕ್ಕೆ ತಿರುಗಿದ್ದರಂತೂ ಕಿಟ್ಟು ಓದುವುದೇ ಕಷ್ಟ. ಪೆನ್ನಿಗೆ ಅದ್ಯಾವುದೂ ಅಡ್ಡಿಯಿಲ್ಲ. ಪೆನ್ನಿನ ಮೇಲೆ ಅನುಮಾನ ಬಂದರೆ ಮಾತ್ರ ಕಿಟ್ಟಿನಿಂದ ಒಮ್ಮೆ ನೋಡು. ಎರಡೂ ಒಂದು ಅಂಕದಷ್ಟು ದೂರ ಇದ್ದರೆ ಏನೋ ಕೆಟ್ಟಿದೆ ಅಂತ ಅರ್ಥ.

— ಸಂಜೆ ಆಯ್ತು, ಈಗ ಸಾಕಷ್ಟು ನೆನೆದಿರಬೇಕು. ಏನ್ ಮಾಡಲಿ?

— ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸು. ಬಟ್ಟೆಯಿಂದ ಉಜ್ಜಬೇಡ, ಟಿಶ್ಯೂ ಕಾಗದದಿಂದ ಒತ್ತಿ ನೀರು ತೆಗೆ. ಈಗ 6.86ರಲ್ಲಿ ಅದ್ದು. ಒಮ್ಮೆ ಮೆಲ್ಲಗೆ ಆಡಿಸಿ ಸುಮ್ಮನೆ ಹಿಡಿ. ಅಂಕೆ ನಿಲ್ಲುವವರೆಗೆ ಕಾಯಿ.

— 6.87. ಪರವಾಗಿಲ್ವಲ್ಲ!

— ಇಲ್ಲೇ ಸುಮಾರು ಜನ ನಿಲ್ಲಿಸಿಬಿಡ್ತಾರೆ. ಜಾಲಿಸಿ 9.18ರಲ್ಲಿ ಅದ್ದು.

— 8.95... ಅಲ್ಲೇ ನಿಂತಿದೆ.

— ಇದನ್ನು ನೋಡಲಿಕ್ಕೇ ಎರಡನೆಯ ಬಫರ್. ಈ ಗಾಜಿನ ಗುಂಡು 7ರ ಹತ್ತಿರ ಸುಮಾರು ಸೊನ್ನೆ ಮಿಲಿವೋಲ್ಟ್ ಕೊಡುವ ಹಾಗೆ ಮಾಡಿರ್ತಾರೆ. ಆದ್ದರಿಂದ ಅದರ ಶಕ್ತಿ ಕುಂದಿದ್ದರೂ 6.86ರಲ್ಲಿ ಗೊತ್ತೇ ಆಗುವುದಿಲ್ಲ. 7ರಿಂದ ದೂರ ಹೋದಷ್ಟೂ ತಪ್ಪು ಹೆಚ್ಚುತ್ತಾ ಹೋಗ್ತದೆ. 6.86ರಿಂದ 9.18ಕ್ಕೆ 2.32 ಅಂಕದ ದೂರ. ನಿನ್ನ ಪೆನ್ನು 2.08 ಮಾತ್ರ ಕ್ರಮಿಸಿತು, ಅಂದರೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಮುಪ್ಪಾದ ಪೆನ್ನು ಎಲ್ಲ ನೀರನ್ನೂ 7ರ ಕಡೆಗೆ ಎಳೆದು ತೋರಿಸ್ತದೆ, ಗುಂಡು ಬಿರುಕು ಬಿಟ್ಟಿದ್ದರೆ ಯಾವ ನೀರಿಗೆ ಅದ್ದಿದರೂ 7ರ ಹತ್ತಿರವೇ. ಇದನ್ನು ನಾನು ದೊಡ್ಡ ಅಪಾಯ ಅಂತ ಯಾಕೆ ಹೇಳ್ತೇನೆ ಅಂದರೆ, 7 ಅನ್ನುವುದು ಎಲ್ಲರಿಗೂ ಕೇಳಲಿಕ್ಕೆ ಹಿತವಾದ ಸಂಖ್ಯೆ. ತೊಟ್ಟಿ ಸರಿ ಉಂಟು ಅಂತ ನೆಮ್ಮದಿಯಾಗಿ ಮಲಗ್ತಾರೆ. ಈಗ ಕ್ಯಾಲ್ ಗುಂಡಿ ಒತ್ತಿ ಹಿಡಿ, 9.18 ಆಗಲಿ. ತಿರುಪು ಇರುವ ಹಳೆ ಮಾದರಿಯಾದರೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸಬೇಕು. ಆಮೇಲೆ ಪುನಃ 6.86ರಲ್ಲಿ ಒಮ್ಮೆ ನೋಡು. ಬಳಸಿದ ಬಫರನ್ನು ಬಾಟಲಿಗೆ ವಾಪಸು ಸುರಿಯಬೇಡ. ಬಿಳಿಗಾರದ್ದಂತೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ತಾನೇ ಕೆಳಗೆ ಇಳೀತದೆ.

— ಸರಿ, ತೊಟ್ಟಿಗೆ ಅದ್ದಲಾ?

— ತೊಟ್ಟಿಯಲ್ಲಿ ಬೇಡ. ಹೀಟರು, ಪಂಪು ಎಲ್ಲ ವಿದ್ಯುತ್ತಿನವು. ಅವುಗಳಿಂದ ಸ್ವಲ್ಪ ಸೋರಿದರೂ ಇಷ್ಟು ಸೂಕ್ಷ್ಮವಾದ ಮೀಟರ್ ತಬ್ಬಿಬ್ಬಾಗ್ತದೆ. ಗಾಜಿನ ಲೋಟದಲ್ಲಿ ನೀರು ತೆಗೆದು ಅದರಲ್ಲಿ ನೋಡು, ತಡಮಾಡದೆ.

— 8.4! ಮೊದಲಿಗಿಂತ ಜಾಸ್ತಿ ಆಯ್ತಲ್ಲ ದೊಡ್ಡಮ್ಮಾ. ಈಗಂತೂ ಪಿಎಚ್ ಡೌನ್ ಹಾಕಲೇಬೇಕು.

— ಅದನ್ನು ಬದಿಗಿಡು. ನಲ್ಲಿಯಿಂದ ಒಂದು ಲೋಟ ನೀರು ಈಗಲೇ ಹಿಡಿದು ಅಳೆ.

— 7.2. ಇದೇ ನೀರನ್ನೇ ತೊಟ್ಟಿಗೆ ಹಾಕೋದು! ಹಾಗಿದ್ರೆ ತೊಟ್ಟಿಯಲ್ಲಿ ಏನೋ ತಪ್ಪಾಗಿದೆ. ಮರಳಲ್ಲಿ ಸುಣ್ಣದ ಕಲ್ಲೇನಾದ್ರೂ ಇರಬಹುದಾ?

— ಇರಲೂಬಹುದು, ಆದರೆ ಅದಕ್ಕಿಂತ ಸರಳವಾದ ಕಾರಣ ಉಂಟು. ನೂರಾರು ಅಡಿ ಆಳದ ಬೋರ್‌ವೆಲ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಕರಗಿರ್ತದೆ. ಅದು ನೀರಿನಲ್ಲಿ ಕಾರ್ಬಾನಿಕ್ ಆಮ್ಲವಾಗಿ ಪಿಎಚ್ ಅನ್ನು ಕೆಳಗೆ ಹಿಡಿದಿರ್ತದೆ. ನೀರು ಹೊರಗೆ ಬಂದು ಗಾಳಿಗೆ ತೆರೆದುಕೊಂಡಾಗ ಆ ಅನಿಲ ಹಾರಿಹೋಗಿ ಪಿಎಚ್ ಏರ್ತದೆ. ಆ ಲೋಟವನ್ನೇ ನಾಳೆವರೆಗೆ ಮುಚ್ಚದೆ ಇಟ್ಟು ಅಳೆ. 8ರ ಮೇಲೆ ಹೋಗದಿದ್ದರೆ ಹೇಳು. ನಿಮ್ಮ ನೀರಿನ ಸ್ವಂತ ಸ್ವಭಾವವೇ ಅಷ್ಟು. ಅದರ ಜೊತೆಗೆ ಈಗ ಸಂಜೆ. ಬೆಳಗಿಂದ ದೀಪ ಉರಿದಿದೆ, ಗಿಡಗಳು ಉಳಿದ ಕಾರ್ಬನ್ ಡೈಆಕ್ಸೈಡನ್ನೂ ತಿಂದು ಮುಗಿಸಿವೆ. ದಿನದಲ್ಲಿ ಪಿಎಚ್ ತೀರ ಮೇಲಿರುವ ಹೊತ್ತು ಇದೇ. ಬೆಳಿಗ್ಗೆ ದೀಪ ಹಾಕುವ ಮೊದಲು ಅಳೆದರೆ ಕಡಿಮೆ ಇರ್ತದೆ. ಯಾವ ಹೊತ್ತಿಗೆ ಅಳೆದದ್ದು ಅಂತ ಬರೆದಿಡದ ಪಿಎಚ್ ಸಂಖ್ಯೆಯಿಂದ ನನಗೆ ಏನೂ ತಿಳಿಯುವುದಿಲ್ಲ.

— ಪಿಎಚ್ ಡೌನ್ ಹಾಕಿದ್ರೆ ಇಳಿಯೋದಂತೂ ನಿಜ ತಾನೆ?

— ಇಳೀತದೆ, ಮಾರನೆಯ ದಿನ ಪುನಃ ಏರ್ತದೆ. ನಿನ್ನ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಾ ಇದೆ. ಅದರ ಅಳತೆಯನ್ನು ಅಕ್ವೇರಿಯಂನವರು ಕೆಎಚ್ ಅಂತಾರೆ, ಕಾರ್ಬೊನೇಟ್ ಗಡಸುತನ. ಬಾಟಲಿಯ ಆಮ್ಲ ಆ ಬೈಕಾರ್ಬೊನೇಟ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗ್ತದೆ. ಅನಿಲ ನೀರಿನಲ್ಲಿ ಇರುವಷ್ಟು ಹೊತ್ತು ಪಿಎಚ್ ಕೆಳಗೆ, ಹಾರಿಹೋದ ಮೇಲೆ ಹೆಚ್ಚು ಕಡಿಮೆ ಮೊದಲಿದ್ದಲ್ಲಿಗೇ. ನೀನು ಪುನಃ ಹಾಕ್ತಿ. ಮೀನುಗಳಿಗೆ ದಿನಕ್ಕೊಂದು ನೀರು. ಮನೆಯ ಉಳಿತಾಯದ ಹಣ ಇದ್ದ ಹಾಗೆ ಈ ಕೆಎಚ್. ಅದು ಇರುವವರೆಗೆ ದಿನದ ಖರ್ಚು ಮೇಲುನೋಟಕ್ಕೆ ಗೊತ್ತಾಗುವುದಿಲ್ಲ. ಮುಗಿದ ದಿನ ಪಿಎಚ್ ಒಮ್ಮೆಲೇ ಕುಸೀತದೆ. ಕೆಲವು ಬಾಟಲಿಗಳಲ್ಲಿ ಫಾಸ್ಫಾರಿಕ್ ಆಮ್ಲ ಇರ್ತದೆ, ಅದರ ಫಾಸ್ಫೇಟ್ ಪಾಚಿಗೆ ಗೊಬ್ಬರವೂ ಆಗ್ತದೆ. ಅದಕ್ಕೇ ನಾನು ಹೇಳುವುದು, ಪಿಎಚ್ ಪೆನ್ನು ಕೊಂಡವರು ಜೊತೆಗೆ ಕೆಎಚ್ ಹನಿ ಪರೀಕ್ಷೆಯ ಬಾಟಲಿಯನ್ನೂ ಕೊಳ್ಳಲೇಬೇಕು ಅಂತ. ಬಣ್ಣ ತಿರುಗುವವರೆಗೆ ಹನಿ ಎಣಿಸುವುದು, ಅಷ್ಟೇ ಕೆಲಸ.

— ಅದು ನನ್ನ ಹತ್ರ ಇದೆ, ಗಿಡಕ್ಕೆ ಅಂತ ತಗೊಂಡಿದ್ದೆ. ತಾಳಿ... 12 ಹನಿ.

— ಹನಿಗೆ ಒಂದು ಡಿಗ್ರಿ ಅಂತ ಬಾಟಲಿಯ ಮೇಲೆ ಇದೆಯಲ್ಲ, ಹಾಗಾದರೆ ಕೆಎಚ್ 12. ಗಡಸು ನೀರು. ಇದನ್ನು ಇಳಿಸಲೇಬೇಕು ಅಂದರೆ ಒಂದೇ ಮರ್ಯಾದೆಯ ದಾರಿ, ಆರ್‌ಓ ನೀರು ಬೆರೆಸುವುದು. ಅರ್ಧಕ್ಕರ್ಧ ಬೆರೆಸಿದರೆ ಕೆಎಚ್ 6 ಆಗ್ತದೆ. ಆಗಲೂ ಪಿಎಚ್ ಇಳಿಯುವುದು 0.3ರಷ್ಟೇ, 8.4 ಇದ್ದದ್ದು 8.1. ಬಾದಾಮಿ ಎಲೆ ಹಾಕಿದರೆ ಇಂಥ ನೀರಿಗೆ ಬಣ್ಣ ಬರ್ತದೆ, ಪಿಎಚ್ ಅಲ್ಲಾಡುವುದಿಲ್ಲ.

— ಹಾಗಾದ್ರೆ ನನ್ನ ಟೆಟ್ರಾಗಳ ಗತಿ?

— ಅಂಗಡಿಗೆ ಬರುವ ನಿಯಾನುಗಳು ಬಹುಪಾಲು ಸಾಕಣೆ ಕೇಂದ್ರದಲ್ಲೇ ಹುಟ್ಟಿದವು, ಅಮೆಜಾನ್ ನೋಡಿದವಲ್ಲ. ಸ್ಥಿರವಾದ 8ರಲ್ಲಿ ಅವು ಬದುಕ್ತಾವೆ. ದಿನಾ 6.5ಕ್ಕೂ 8ಕ್ಕೂ ಓಲಾಡುವ ನೀರಿನಲ್ಲಿ ಬದುಕುವುದು ಕಷ್ಟ. ಪಿಎಚ್ ಒಂದು ಅಂಕ ಬದಲಾಯಿತು ಅಂದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಬದಲಾಯಿತು ಅಂತ ಲೆಕ್ಕ. ಮರಿ ಮಾಡಿಸಬೇಕು ಅಂತಿದ್ದರೆ ಮಾತ್ರ ಮೆದು ನೀರು ಬೇಕೇ ಬೇಕು. ನಿನ್ನ 8.4ರಲ್ಲಿ ನನಗೆ ಚಿಂತೆ ಇರುವುದು ಬೇರೆ ವಿಷಯಕ್ಕೆ, ಅಮೋನಿಯಾಕ್ಕೆ.

— ಅಮೋನಿಯಾಗೂ ಪಿಎಚ್‌ಗೂ ಏನು ಸಂಬಂಧ?

— ಪಿಎಚ್ ಅಳೆಯಲಿಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಕಾರಣವೇ ಇದು. ಮೀನಿನ ಕಿವಿರಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರ್ತಾನೇ ಇರ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರ್ತದೆ. ಅಮೋನಿಯಂ ಅಯಾನು ಅಷ್ಟೇನೂ ಅಪಾಯ ಇಲ್ಲದ್ದು. ಅಮೋನಿಯಾ ಅನಿಲ ಮೀನನ್ನು ಕೊಲ್ಲುವಂಥದ್ದು. ಯಾವುದು ಎಷ್ಟು ಅನ್ನುವುದನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಸ್ವಲ್ಪ ಉಷ್ಣತೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇಕಡ 0.6ಕ್ಕೂ ಕಡಿಮೆ. 8ಕ್ಕೆ ಬಂದರೆ ಶೇಕಡ 5ರ ಮೇಲೆ. 9ರಲ್ಲಿ ಶೇಕಡ 36. ಪಕ್ಕದ ಮನೆಯವರ ತೊಟ್ಟಿಯಲ್ಲಿ 7ರಲ್ಲಿ ಏನೂ ಮಾಡದ ಅಮೋನಿಯಾ ನಿನ್ನ ತೊಟ್ಟಿಯಲ್ಲಿ ಹತ್ತಿಪ್ಪತ್ತು ಪಟ್ಟು ಕ್ರೂರ. ಹಾಗಾಗಿ ನಿನ್ನಂಥ ಗಡಸು ನೀರಿನವರು ಹೊಸ ತೊಟ್ಟಿಗೆ ಅವಸರದಲ್ಲಿ ಮೀನು ತುಂಬಬಾರದು, ಫಿಲ್ಟರಿನ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಬೇಕು, ಆಹಾರ ಕಡಿಮೆ ಹಾಕಬೇಕು. ಅಮೋನಿಯಾ ಇದೆಯೋ ಇಲ್ಲವೋ ಪೆನ್ನು ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಆದರೆ ಇದ್ದರೆ ಎಷ್ಟು ಹೆದರಬೇಕು ಅನ್ನುವುದು ಪೆನ್ನಿನಿಂದ ಗೊತ್ತಾಗ್ತದೆ.

— ನಿಮ್ಮ ಕಾರ್ಕಳದ ಮನೆ ಬಾವಿ ನೀರಲ್ಲಿ ಈ ಚಿಂತೆ ಇಲ್ಲ ಅನ್ನಿ.

— ಅಲ್ಲಿಯದ್ದು ತಿರುಗುಮುರುಗು ಚಿಂತೆ. ಮುರಕಲ್ಲಿನ ನೆಲ, ಅದರಲ್ಲಿ ಸುಣ್ಣ ಇಲ್ಲ. ಬಾವಿ ನೀರು 6ರ ಹತ್ತಿರ, ಕೆಎಚ್ ಬರೀ 1. ಮೊದಲಿಗೆ, ಇಂಥ ನೀರಿನಲ್ಲಿ ಪೆನ್ನೇ ಸರಿಯಾಗಿ ಮಾತಾಡುವುದಿಲ್ಲ. ಗುಂಡಿನ ಪಕ್ಕದಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ ಕಾಣ್ತದಾ? ಅದರ ಮೂಲಕ ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ಸ್ವಲ್ಪ ಸ್ವಲ್ಪವೇ ಹೊರಗೆ ಜಿನುಗಿ ನೀರಿನ ಜೊತೆ ಸಂಪರ್ಕ ಕೊಡ್ತದೆ. ನೀರಿನಲ್ಲಿ ಲವಣವೇ ಇಲ್ಲದಿದ್ದರೆ ಆ ಸಂಪರ್ಕ ಅಸ್ಥಿರ, ಅಂಕೆ ಒಂದು ಕಡೆ ನಿಲ್ಲದೆ ಜಾರುತ್ತಾ ಹೋಗ್ತದೆ. ಪೆನ್ನು ಹಾಳಾಯಿತು ಅಂತ ಬಿಸಾಡಿದವರನ್ನು ನಾನು ನೋಡಿದ್ದೇನೆ. ಹಾಳಾಗಿರುವುದಿಲ್ಲ. ಅಳೆಯುವ ನೀರಿನಲ್ಲೇ ತುದಿಯನ್ನು ಜಾಲಿಸಿ, ಹೊಸ ನೀರು ತೆಗೆದು, ಕಲಕುವುದು ನಿಲ್ಲಿಸಿ, ನಾಲ್ಕೈದು ನಿಮಿಷ ಸುಮ್ಮನೆ ಬಿಡಬೇಕು. ಆರ್‌ಓ ನೀರಿಗೂ ಮಳೆ ನೀರಿಗೂ ಇದೇ ಮಾತು. ಮತ್ತೆ ಅಲ್ಲಿ ನಾನು ಕ್ಯಾಲಿಬ್ರೇಟ್ ಮಾಡುವುದು 6.86 ಮತ್ತು 4.01ರಲ್ಲಿ. ನಮ್ಮ ನೀರು ಇರುವ ಕಡೆಯ ಬಫರ್ ಬೇಕು.

— ಮೆದು ನೀರು, ಕಡಿಮೆ ಪಿಎಚ್, ಅಮೋನಿಯಾ ಭಯ ಇಲ್ಲ. ನನಗೆ ಅದೇ ಸ್ವರ್ಗ ಅನ್ಸತ್ತೆ.

— ಉಳಿತಾಯ ಇಲ್ಲದ ಮನೆ ಅದು ಮಾರಾಯ್ತಿ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಕೆಎಚ್ ಅನ್ನು ತಿನ್ನುತ್ತದೆ. ಲೀಟರಿಗೆ ನೈಟ್ರೇಟ್ ಸುಮಾರು 11 ಮಿಲಿಗ್ರಾಂ ಏರುವಷ್ಟರಲ್ಲಿ ಕೆಎಚ್ ಒಂದು ಡಿಗ್ರಿ ಖರ್ಚಾಗ್ತದೆ. ನಿನಗೆ 12 ಇದೆ, ನನಗೆ ಇರುವುದೇ ಒಂದು. ನೀರು ಬದಲಿಸದೆ ಬಿಟ್ಟ ಹಳೆ ತೊಟ್ಟಿಯಲ್ಲಿ ಕೆಎಚ್ ಮುಗಿದು ಪಿಎಚ್ 6ರಿಂದ ಕೆಳಗೆ ಇಳೀತದೆ. ಆಗ ಬ್ಯಾಕ್ಟೀರಿಯಾಗಳ ಕೆಲಸವೂ ತೀರಾ ನಿಧಾನ ಆಗ್ತದೆ, ಅಮೋನಿಯಂ ಸೇರುತ್ತಾ ಹೋಗ್ತದೆ. ಪಿಎಚ್ ಕಡಿಮೆ ಇರುವುದರಿಂದ ಅದು ವಿಷ ಆಗಿರುವುದಿಲ್ಲ, ಮೀನುಗಳು ಆರಾಮವಾಗಿಯೇ ಕಾಣ್ತಾವೆ. ಒಂದು ದಿನ ಮನೆಯವರಿಗೆ ಉತ್ಸಾಹ ಬಂದು ಮುಕ್ಕಾಲು ತೊಟ್ಟಿ ನೀರು ತೆಗೆದು 8ರ ಹೊಸ ನೀರು ತುಂಬಿಸ್ತಾರೆ. ಪಿಎಚ್ ಏರಿತು, ಉಳಿದಿದ್ದ ಅಮೋನಿಯಂ ಅಮೋನಿಯಾ ಆಯಿತು. ಸಂಜೆಯೊಳಗೆ ಮೀನುಗಳೆಲ್ಲ ಮೇಲೆ ತೇಲ್ತಾವೆ. ಹೊಸ ನೀರು ಕೆಟ್ಟದಿತ್ತು, ಕ್ಲೋರಿನ್ ಇತ್ತು ಅಂತ ಎಲ್ಲರೂ ನೀರನ್ನೇ ಬೈತಾರೆ. ಆ ಬೆಳಿಗ್ಗೆ ತೊಟ್ಟಿಯ ನೀರು ಮತ್ತು ಬಕೆಟಿನ ನೀರು ಎರಡಕ್ಕೂ ಪೆನ್ನು ಅದ್ದಿ ನೋಡಿದ್ದರೆ, ಒಂದು ನಿಮಿಷದ ಕೆಲಸ, ಆ ಮೀನುಗಳು ಉಳೀತಿದ್ದವು. ನನಗೆ ಹೊಟ್ಟೆ ಉರಿಯುವುದು ಅಲ್ಲಿ. ಜನ ಪಿಎಚ್ ಅಳೆಯುವುದು ಮೀನು ಸತ್ತ ಮೇಲೆ.

— ಎರಡೂ ನೀರಿನ ನಡುವೆ ಅಷ್ಟು ವ್ಯತ್ಯಾಸ ಇದ್ರೆ ಏನ್ ಮಾಡಬೇಕು?

— ಒಂದು ಅಂಕದಷ್ಟು ಅಂತರ ಇದ್ದರೆ ಹತ್ತರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸು, ಮಾರನೆಯ ದಿನ ಮತ್ತೆ ಒಂದು ಪಾಲು. ಪೆನ್ನು ಹಿಡಿದುಕೊಂಡೇ ಮಾಡು. ನಮ್ಮ ಮನೆಯ ತೊಟ್ಟಿಗೆ ನಾನು ಫಿಲ್ಟರಿನಲ್ಲಿ ಚಿಪ್ಪಿನ ಚೂರು ಹಾಕಿಟ್ಟಿದ್ದೇನೆ. ಕರಾವಳಿಯಲ್ಲಿ ಸುಣ್ಣ ಸುಡುತ್ತಿದ್ದದ್ದೇ ಈ ಚಿಪ್ಪುಗಳಿಂದ. ನೀರು ಹುಳಿಯಾದಷ್ಟೂ ಅದು ಕರಗ್ತದೆ, ತಟಸ್ಥಕ್ಕೆ ಬಂದ ಮೇಲೆ ಕರಗುವುದು ತೀರಾ ನಿಧಾನ. ತುರ್ತಿಗೆ ಅಡಿಗೆ ಸೋಡಾ ಉಂಟು. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರ್ತದೆ. ಅದನ್ನೂ ಒಂದೇ ಸಲಕ್ಕೆ ಸುರಿಯಬಾರದು.

— ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕ್ಸೋಣ ಅಂತಿದ್ದೆ. ಅದಕ್ಕೂ ಈ ಪೆನ್ನು ಆಗತ್ತಾ?

— ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಮನೆಯಲ್ಲಿ ಬೇರೆ ಸಿಗುವುದಿಲ್ಲ. ಕೆಎಚ್ 4 ಇರುವ ನೀರು ಪಿಎಚ್ 7 ತೋರಿಸಿದರೆ ಅದರಲ್ಲಿ ಲೀಟರಿಗೆ ಸುಮಾರು 12 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್ ಇರ್ತದೆ. ಅದೇ ನೀರು 6.6 ತೋರಿಸಿದರೆ ಸುಮಾರು 30. ಗಿಡ ಬೆಳೆಸುವವರು ಸಾಧಾರಣವಾಗಿ ಅಲ್ಲಿಗೇ ನಿಲ್ಲಿಸ್ತಾರೆ, ಅದಕ್ಕಿಂತ ಹೆಚ್ಚಾದರೆ ಮೀನಿಗೆ ಉಸಿರಾಟ ಕಷ್ಟ. ಆದರೆ ಈ ಕೋಷ್ಟಕ ನಡೆಯುವುದು ನೀರಿನಲ್ಲಿ ಬೈಕಾರ್ಬೊನೇಟ್ ಬಿಟ್ಟು ಬೇರೆ ಬಫರ್ ಇಲ್ಲದಿದ್ದಾಗ ಮಾತ್ರ. ಎಲೆಯ ಒಗರು ಅಥವಾ ಫಾಸ್ಫೇಟ್ ಸೇರಿದ್ದರೆ ಲೆಕ್ಕ ತಪ್ತದೆ. ನನಗೆ ನಂಬಿಕೆ ಇರುವುದು ಇನ್ನೊಂದು ಕ್ರಮದಲ್ಲಿ. ತೊಟ್ಟಿಯ ನೀರು ಒಂದು ಲೋಟ ತೆಗೆದು ಒಂದು ದಿನ ತೆರೆದಿಟ್ಟು ಅಳೆ, ಅದು ಅನಿಲ ಹೋದ ನೀರು. ಆಮೇಲೆ ಸಿಲಿಂಡರ್ ನಡೀತಿರುವಾಗ ತೊಟ್ಟಿಯ ನೀರು ಅಳೆ. ಒಂದು ಅಂಕ ಇಳಿದಿದ್ದರೆ ಕಾರ್ಬನ್ ಡೈಆಕ್ಸೈಡ್ ಹತ್ತು ಪಟ್ಟು ಆಗಿದೆ, ಅಲ್ಲಿಗೆ ಸಾಕು. ಇದರಲ್ಲಿ ಪೆನ್ನು 0.1 ಆಚೀಚೆ ಇದ್ದರೂ ತೊಂದರೆ ಇಲ್ಲ, ಎರಡು ಅಳತೆಯಲ್ಲೂ ತಪ್ಪು ಒಂದೇ ಇರ್ತದಲ್ಲ.

— ಪೆನ್ನಿನ ಮೇಲೆ ಎಟಿಸಿ ಅಂತ ಬರೆದಿದೆ. ಅದು ಇದ್ರೆ ಉಷ್ಣತೆ ಬಗ್ಗೆ ಯೋಚನೆ ಬೇಡ್ವಂತೆ.

— ಗಾಜು ಕೊಡುವ ಮಿಲಿವೋಲ್ಟ್ ಉಷ್ಣತೆಯ ಜೊತೆ ಬದಲಾಗ್ತದೆ. ಅದನ್ನಷ್ಟೇ ಎಟಿಸಿ ಸರಿಪಡಿಸುವುದು. ಬಿಸಿಯಾದರೆ ನೀರಿನ, ಬಫರಿನ ಪಿಎಚ್ಚೇ ನಿಜವಾಗಿ ಸ್ವಲ್ಪ ಬದಲಾಗ್ತದೆ, ಅದು ಎಟಿಸಿಯ ಕೈಯಲ್ಲಿಲ್ಲ. 9.18ರ ಬಫರ್ 30 ಡಿಗ್ರಿಯಲ್ಲಿ 9.14 ಇರ್ತದೆ. ಅಕ್ವೇರಿಯಂಗೆ ಅಷ್ಟು ಸೂಕ್ಷ್ಮ ಬೇಡ. ಬಫರೂ ತೊಟ್ಟಿಯ ನೀರೂ ಕೋಣೆಯ ಉಷ್ಣತೆಯಲ್ಲೇ ಇರಲಿ, ಸಾಕು.

— ಅಳೆದಾದ ಮೇಲೆ ಒರೆಸಿ ಮುಚ್ಚಿಡೋದಾ?

— ಒಣಗಿಸಿ ಇಡಬಾರದು. ನಾಳೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತರಿಸು. ಪಿಎಚ್ ಸ್ಟೋರೇಜ್ ಸಲ್ಯೂಷನ್ ಅಂತ ಕೇಳಿದರೆ ಕೊಡ್ತಾರೆ. ಮುಚ್ಚಳದೊಳಗಿನ ಸ್ಪಂಜಿಗೆ ಕೆಲವು ಹನಿ ಹಾಕಿ ಮುಚ್ಚು. ಡಿಸ್ಟಿಲ್ಡ್ ವಾಟರ್ ಶುದ್ಧ ಅಂತ ಅದರಲ್ಲಿ ಮುಳುಗಿಸಿಡುವವರು ಇದ್ದಾರೆ, ಅದು ಒಳಗಿನ ಉಪ್ಪನ್ನು ಹೊರಗೆ ಎಳೆದು ಪೆನ್ನನ್ನು ಬೇಗ ಮುಗಿಸ್ತದೆ. ಜಾಲಿಸಲಿಕ್ಕೆ ಆದೀತು, ಇಡಲಿಕ್ಕೆ ಅಲ್ಲ. ಗುಂಡಿನ ಮೇಲೆ ನಿಮ್ಮ ಗಡಸು ನೀರಿನ ಬಿಳಿ ಪೊರೆ ಕಟ್ಟಿದರೆ ನೀರು ಬೆರೆಸಿದ ವಿನಿಗರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆ, ಆಮೇಲೆ ಕೆಲವು ಗಂಟೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಪುನಃ ಕ್ಯಾಲಿಬ್ರೇಟ್ ಮಾಡು. ಎಷ್ಟು ಜೋಪಾನ ಮಾಡಿದರೂ ಇವು ಒಂದೆರಡು ವರ್ಷದ ಮೇಲೆ ಬಾಳುವುದು ಅಪರೂಪ. 9.18ರಲ್ಲಿ ಅಂಕೆ ಬಹಳ ಕೆಳಗೆ ನಿಂತು ಹೊಂದಿಸಲಿಕ್ಕೇ ಬರದಿದ್ದರೆ, ಅಥವಾ ಬಫರಿನಲ್ಲೂ ನಿಮಿಷಗಟ್ಟಲೆ ಜಾರುತ್ತಿದ್ದರೆ ಅದರ ಕಾಲ ಮುಗೀತು. ಎಲೆಕ್ಟ್ರೋಡ್ ಬದಲಿಸಲಿಕ್ಕೆ ಬರುವ ಪೆನ್ನು ಸ್ವಲ್ಪ ದುಬಾರಿ, ಮುಂದಿನ ಸಲ ಅದನ್ನೇ ತೆಗೆದುಕೊ.

— ಈ ಗಡಸು ನೀರಿಗೆ ಒಗ್ಗೋ ಮೀನು ಯಾವುದು ದೊಡ್ಡಮ್ಮಾ? ಇನ್ನೊಂದು ತೊಟ್ಟಿ ಇಡೋ ಆಸೆ ಇದೆ.

— ಗಪ್ಪಿ, ಮೋಲಿ, ಪ್ಲಾಟಿ. ಇವಕ್ಕೆ ನಿಮ್ಮ ನೀರು ಹೇಳಿ ಮಾಡಿಸಿದ್ದು. ರೇನ್‌ಬೋ ಮೀನುಗಳಲ್ಲೂ ಹಲವು ಒಗ್ಗುತ್ತವೆ. ದೊಡ್ಡ ತೊಟ್ಟಿಗೆ ಜಾಗ ಇದ್ದರೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಸಾಕು. ಆ ಸರೋವರದ ನೀರೇ 8ರ ಆಸುಪಾಸಿನದ್ದು. ಪಿಎಚ್ ಪೆನ್ನಿನಿಂದ ಮೊದಲು ನಿನ್ನ ನಲ್ಲಿಯ ನೀರನ್ನು ಸರಿಯಾಗಿ ತಿಳಿದುಕೊಂಡು, ಆಮೇಲೆ ಆ ನೀರಿಗೆ ತಕ್ಕ ಮೀನು ತರುವುದು ಮೀನಿಗೂ ಸುಖ, ನಿನಗೂ ಸುಖ.

— ನಿಮ್ಮ ಮನೆಯಲ್ಲಿರೋ ಆ ಕೆಂಪು ಗೆರೆಯ ಮೀನು?

— ಮಿಸ್ ಕೇರಳ. ಕೇರಳದ್ದು ಅಂತ ಹೆಸರು, ಆದರೆ ನಮ್ಮ ದಕ್ಷಿಣದ ಹೊಳೆಗಳಲ್ಲೂ ಉಂಟು. ಅದಕ್ಕೆ ತಂಪಾದ, ಹರಿಯುವ, 7ರ ಸುತ್ತಮುತ್ತಲಿನ ನೀರು ಬೇಕು. ನಿನ್ನ 8.4 ಬೇಡ. ಅಕ್ವೇರಿಯಂಗೆ ಅಂತ ಹಿಡಿದೂ ಹಿಡಿದೂ ಹೊಳೆಯಲ್ಲಿ ಅದು ಈಗ ಅಳಿವಿನ ಅಂಚಿಗೆ ಬಂದಿದೆ. ಬೇಕೇ ಬೇಕು ಅಂದರೆ ಆರ್‌ಓ ಬೆರೆಸಿ ಕೆಎಚ್ 3 ಅಥವಾ 4ಕ್ಕೆ ತಂದು, ಒಂದು ತಿಂಗಳು ಬೆಳಿಗ್ಗೆ ಸಂಜೆ ಅಳೆದು ಬರೆದಿಡು, ಅಂಕೆಗಳು ಸ್ಥಿರವಾಗಿ ನಿಂತ ಮೇಲೆ ತೆಗೆದುಕೊ. ಅಂಗಡಿಯವರನ್ನು ಕೇಳು, ಸಾಕಣೆಯಲ್ಲಿ ಹುಟ್ಟಿದ್ದಾ, ಹೊಳೆಯಿಂದ ಹಿಡಿದದ್ದಾ ಅಂತ. ಹೊಳೆಯದ್ದು ಅಂದರೆ ಅಲ್ಲೇ ಬಿಟ್ಟು ಬಾ.